ಕಿಡ್ನಿ ಗಡ್ಡೆ ವಂಶದಿಂದ ಬಂದದ್ದಾ? ಐಎಚ್‌ಸಿ ಸ್ಲೈಡ್ ಮಾಡುವ, ಓದುವ ಸಮಗ್ರ ಮಾರ್ಗದರ್ಶಿ

ಕಿಡ್ನಿ ಕ್ಯಾನ್ಸರ್ ಅಂದರೆ ಹೊರಗಿನವರಿಗೆ ಒಂದೇ ಕಾಯಿಲೆ. ಮೈಕ್ರೋಸ್ಕೋಪಿನ ಕೆಳಗೆ ಅದು ಹತ್ತಾರು ಬೇರೆ ಬೇರೆ ಕಾಯಿಲೆ. ಈ ರೋಗಿಗಳಲ್ಲಿ 100ಕ್ಕೆ ಸುಮಾರು 5ರಿಂದ 8 ಮಂದಿಗೆ ಗಡ್ಡೆ ಬಂದಿರುವುದು ಹುಟ್ಟುತ್ತಲೇ ಇದ್ದ ಜೀನ್ ದೋಷದಿಂದ. ಅವರ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ, ಮಕ್ಕಳಿಗೆ ಅದೇ ದೋಷ ಇರುವ ಸಾಧ್ಯತೆ ಎರಡರಲ್ಲಿ ಒಂದು. ಇದನ್ನು ಮೊದಲು ಹಿಡಿಯಬಹುದಾದ ಜಾಗ ಬೆಂಗಳೂರಿನ ಜೀನ್ ಲ್ಯಾಬ್ ಅಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಆ ಕಿಡ್ನಿಯನ್ನು ಕತ್ತರಿಸಿ ಮೇಣದ ಬ್ಲಾಕ್ ಮಾಡುವ ನಮ್ಮ ಟೇಬಲ್ಲು.

ಈ ಬರಹ ನಮ್ಮ ಎರಡು ಜಿಲ್ಲೆಗಳ ಪೆಥಾಲಜಿ ಪಿಜಿಗಳಿಗೆ, ಟೆಕ್ನಿಷಿಯನ್ನರಿಗೆ, ಕಿಡ್ನಿ ಆಪರೇಷನ್ ಮಾಡುವ ಸರ್ಜನ್ನರಿಗೆ. ಐಎಚ್‌ಸಿ, ಅಂದರೆ ಆಂಟಿಬಾಡಿ ಹಾಕಿ ಕೋಶದೊಳಗಿನ ಪ್ರೋಟೀನಿಗೆ ಕಂದು ಬಣ್ಣ ಬರಿಸುವ ವಿಧಾನ. ನಿಮ್ಮಲ್ಲೇ ಆ ಸೌಲಭ್ಯ ಇಲ್ಲದಿದ್ದರೂ ಮೊದಲ ಮೂರು ಹೆಜ್ಜೆ ನಿಮ್ಮ ಕೈಯಲ್ಲೇ ಇವೆ. ಅವು ಕೆಟ್ಟರೆ ಆಮೇಲೆ ಎಷ್ಟು ದೊಡ್ಡ ಲ್ಯಾಬಿಗೆ ಕಳಿಸಿದರೂ ಪ್ರಯೋಜನ ಇಲ್ಲ.

ಶುರುವಿನಲ್ಲೇ ಒಂದು ಮಾತು. ಸ್ತನದ ಗಡ್ಡೆಯಲ್ಲಿ ಬಣ್ಣ ಬಂತಾ ಅಂತ ನೋಡುತ್ತೇವೆ. ವಂಶದಿಂದ ಬರುವ ಕಿಡ್ನಿ ಗಡ್ಡೆಯಲ್ಲಿ ಬಹಳ ಸಲ ಬಣ್ಣ ಬಾರದಿರುವುದೇ ಉತ್ತರ. ಬಾರದ ಬಣ್ಣಕ್ಕೆ ಎರಡು ಕಾರಣ ಇರಬಹುದು: ಗಡ್ಡೆಯಲ್ಲಿ ಪ್ರೋಟೀನ್ ನಿಜವಾಗಿ ಇಲ್ಲ, ಇಲ್ಲವೇ ನಮ್ಮ ಕೆಲಸ ಕೆಟ್ಟಿದೆ. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಇಲ್ಲಿನ ಮುಖ್ಯ ವಿದ್ಯೆ.

ಹೆಜ್ಜೆ 1: ಸ್ಲೈಡಿಗೆ ಮುಂಚೆ ಮನೆಯವರನ್ನು ಕೇಳಿ

ಯಾವ ರೋಗಿಯಲ್ಲಿ ಅನುಮಾನ ಪಡಬೇಕು? ವಯಸ್ಸು 46 ಅಥವಾ ಅದಕ್ಕಿಂತ ಕಡಿಮೆ ಇದ್ದರೆ. ಎರಡೂ ಕಿಡ್ನಿಯಲ್ಲಿ ಗಡ್ಡೆ ಇದ್ದರೆ. ಒಂದೇ ಕಿಡ್ನಿಯಲ್ಲಿ ಹಲವು ಗಡ್ಡೆ ಇದ್ದರೆ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಕಿಡ್ನಿ ಗಡ್ಡೆ ಆಗಿದ್ದರೆ. ಇವುಗಳಲ್ಲಿ ಒಂದಿದ್ದರೂ ಸಾಕು.

ಕಷ್ಟ ಏನೆಂದರೆ ನಮಗೆ ಬರುವ ರಿಕ್ವೆಸ್ಟ್ ಫಾರಂನಲ್ಲಿ ಹೆಸರು, ವಯಸ್ಸು, ‘ರೈಟ್ ನೆಫ್ರೆಕ್ಟಮಿ’ (ಬಲ ಕಿಡ್ನಿ ತೆಗೆದದ್ದು) ಬಿಟ್ಟರೆ ಏನೂ ಇರುವುದಿಲ್ಲ. ಆದ್ದರಿಂದ ವಾರ್ಡಿಗೆ ಫೋನ್ ಮಾಡಿ, ಆಗದಿದ್ದರೆ ನೀವೇ ಹೋಗಿ ರೋಗಿಯ ಹತ್ತಿರ ಐದು ನಿಮಿಷ ಕೂತುಕೊಳ್ಳಿ. ನಮ್ಮ ಕಡೆ ಇದನ್ನು ಕೇಳುವ ರೀತಿ ಗೊತ್ತಿರಬೇಕು. ‘ಫ್ಯಾಮಿಲಿ ಹಿಸ್ಟರಿ ಇದೆಯಾ’ ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಹೀಗೆ ಕೇಳಿ ನೋಡಿ:

“ಅಮ್ಮಾ, ನಿಮ್ಮ ಅಕ್ಕ ತಂಗಿಯರಲ್ಲಿ ಯಾರಿಗಾದರೂ ಗರ್ಭಕೋಶ ತೆಗೆಸಿದ್ದಾರಾ?”

“ನಮ್ಮ ಕಡೆ ಎಲ್ಲರಿಗೂ ತೆಗೆಸಿದ್ದಾರೆ ಸಾರ್.”

ಇಲ್ಲಿಗೆ ನಿಲ್ಲಿಸಬೇಡಿ. ನಮ್ಮ ಹಳ್ಳಿಗಳಲ್ಲಿ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಬಹಳ. ಹಾಗಾಗಿ ಮುಂದಿನ ಪ್ರಶ್ನೆಯೇ ಮುಖ್ಯ: ಎಷ್ಟನೇ ವಯಸ್ಸಿಗೆ? ಗಡ್ಡೆ ಇದೆ ಅಂದಿದ್ರಾ? ಒಂದಾ, ಜಾಸ್ತಿನಾ? ಹಳೇ ಚೀಟಿ ಮನೆಯಲ್ಲಿದೆಯಾ? ಮೂವತ್ತರ ಆಸುಪಾಸಿನಲ್ಲೇ, ತುಂಬಾ ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುಗಡ್ಡೆ) ಇದ್ದುದರಿಂದ ತೆಗೆಸಿದ್ದರು ಅಂದರೆ ಎಫ್‌ಎಚ್ (ಫ್ಯೂಮರೇಟ್ ಹೈಡ್ರಟೇಸ್) ಜೀನ್ ಮನಸ್ಸಿಗೆ ಬರಬೇಕು. ಆ ಜೀನ್ ದೋಷ ಇರುವವರಿಗೆ ಚರ್ಮದ ಮೇಲೂ ಸಣ್ಣ ಗಟ್ಟಿ ಗಂಟುಗಳು ಗುಂಪಾಗಿ ಏಳುತ್ತವೆ, ಹೆಚ್ಚಾಗಿ ತೋಳು, ಬೆನ್ನು, ಎದೆಯ ಮೇಲೆ. ಚಳಿಗೆ ಅವು ನೋಯುತ್ತವೆ. ಮೂಡಿಗೆರೆ, ಕೊಪ್ಪದ ಕಡೆಯವರನ್ನು ‘ಡಿಸೆಂಬರ್ ಚಳಿಯಲ್ಲಿ ಆ ಗಂಟು ಜಾಸ್ತಿ ನೋಯುತ್ತಾ’ ಅಂತ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಉಳಿದ ಪ್ರಶ್ನೆಗಳು ಇಷ್ಟು, ಪ್ರತಿಯೊಂದರ ಕೊನೆಗೆ ಇರುವುದು ಕಿಡ್ನಿ ಗಡ್ಡೆ ತರುವ ಒಂದು ವಂಶದ ಕಾಯಿಲೆ ಅಥವಾ ಜೀನಿನ ಹೆಸರು. ಚಿಕ್ಕಂದಿನಿಂದ ಫಿಟ್ಸ್, ಮುಖದ ಮೇಲೆ ಎಂದೂ ಹೋಗದ ಮೊಡವೆಯಂಥ ಗುಳ್ಳೆ, ತೊನ್ನು ಅಂದುಕೊಂಡು ಸುಮ್ಮನಾದ ಬಿಳಿ ಮಚ್ಚೆ ಇದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್. ಮೂಗು, ಕೆನ್ನೆ ಮೇಲೆ ಬಿಳಿಚು ಗುಳ್ಳೆ, ಜೊತೆಗೆ ಎದೆಯಲ್ಲಿ ಗಾಳಿ ತುಂಬಿ ಟ್ಯೂಬ್ ಹಾಕಿಸಿಕೊಂಡ ಕಥೆ ಇದ್ದರೆ ಬರ್ಟ್-ಹಾಗ್-ಡ್ಯುಬೆ. ಕಣ್ಣಿನ ಪೊರೆ ಅಲ್ಲದ ಕಾರಣಕ್ಕೆ ದೃಷ್ಟಿ ಹೋದವರು, ಸಣ್ಣ ಮೆದುಳಿನ (ಸೆರೆಬೆಲ್ಲಂ) ಗಡ್ಡೆಗೆ ಆಪರೇಷನ್ ಆದವರು, ಯೌವನದಲ್ಲೇ ವಿಪರೀತ ಬಿಪಿ ಬಂದವರು ಮನೆಯಲ್ಲಿದ್ದರೆ ವಾನ್ ಹಿಪ್ಪೆಲ್-ಲಿಂಡೌ, ಅಂದರೆ ವಿಎಚ್‌ಎಲ್. ಕುತ್ತಿಗೆಯ ಪ್ಯಾರಾಗ್ಯಾಂಗ್ಲಿಯೋಮಾ (ನರಗಂಟಿನ ಗಡ್ಡೆ) ಅಥವಾ ಜಠರದ ಜಿಸ್ಟ್ ಗಡ್ಡೆ ಇದ್ದರೆ ಎಸ್‌ಡಿಎಚ್.

ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ಅಕ್ಕನ ಮಗಳನ್ನೋ ಸೋದರತ್ತೆ ಮಗನನ್ನೋ ಮದುವೆಯಾಗಿದ್ದರೆ ಅಲ್ಲಿ ಜೋಡಿ ಗೆರೆ ಎಳೆಯಿರಿ. ಅದರಿಂದ ಏನು ಗೊತ್ತಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 2: ಕಿಡ್ನಿಯನ್ನು ಬೇಗ ಸೀಳಿ, ಸಾಕಷ್ಟು ಫಾರ್ಮಲಿನ್ ಹಾಕಿ

ಫಾರ್ಮಲಿನ್ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಒಳಗೆ ಹೋಗುತ್ತದೆ. ಇಡೀ ಕಿಡ್ನಿಯನ್ನು ಕೊಬ್ಬಿನ ಸಮೇತ ಡಬ್ಬಿಗೆ ತುರುಕಿ ಮರುದಿನ ನೋಡಿದರೆ ಮಧ್ಯದ ಭಾಗ ಕೊಳೆತಿರುತ್ತದೆ. ಆ ಭಾಗದಲ್ಲಿ ಯಾವ ಬಣ್ಣವೂ ಬರುವುದಿಲ್ಲ. ಅದನ್ನು ‘ಪ್ರೋಟೀನ್ ಇಲ್ಲ’ ಅಂತ ಓದಿಬಿಟ್ಟರೆ ಒಂದು ಇಡೀ ಕುಟುಂಬವನ್ನು ಸುಮ್ನೆ ಹೆದರಿಸಿದಂತೆ.

ಹೊರ ಅಂಚಿಗೆ ಇಂಕ್ ಹಚ್ಚಿ, ಕಿಡ್ನಿಯನ್ನು ಪುಸ್ತಕದಂತೆ ಎರಡು ಹೋಳಾಗಿ ಸೀಳಿ. ಗಡ್ಡೆಯ ಭಾಗವನ್ನು ಇನ್ನೂ ತೆಳ್ಳಗೆ ಹೋಳು ಮಾಡಿ. 10 ಶೇಕಡಾ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ಮಾಂಸದ ಹತ್ತು ಪಟ್ಟು. ಬಾಯಿ ಅಗಲದ ಡಬ್ಬಿ. 24ರಿಂದ 48 ಗಂಟೆ ಸಾಕು, 72 ದಾಟಿಸಬೇಡಿ. ತಾಲ್ಲೂಕು ಆಸ್ಪತ್ರೆಯಿಂದ ಶನಿವಾರ ಸಂಜೆ ಸ್ಪೆಸಿಮೆನ್ ಬಂದರೆ ಸೋಮವಾರಕ್ಕೆ ಅಂತ ಎತ್ತಿಡಬೇಡಿ. ಸೀಳಿ ಫಾರ್ಮಲಿನ್‌ಗೆ ಹಾಕಿ ಹೋದರೆ ಹತ್ತು ನಿಮಿಷದ ಕೆಲಸ.

ಗ್ರಾಸಿಂಗ್‌ನಲ್ಲಿ (ಬರಿಗಣ್ಣಿನಿಂದ ನೋಡಿ ಕತ್ತರಿಸುವಾಗ) ಎಣಿಸಿ: ಗಡ್ಡೆ ಎಷ್ಟು? ದೊಡ್ಡದೊಂದನ್ನು ಬರೆದು ಬಿಡಬೇಡಿ. ಉಳಿದ ಕಿಡ್ನಿಯನ್ನು ಅರ್ಧ ಸೆಂಟಿಮೀಟರಿಗೊಂದು ಹೋಳು ಮಾಡಿ, ಹಳದಿ ಚುಕ್ಕೆ, ನೀರುಗುಳ್ಳೆ, ಕಂದು ಗುಂಡು ಏನಿದ್ದರೂ ಬ್ಲಾಕ್ ತೆಗೆಯಿರಿ. ಗಡ್ಡೆಯ ಪ್ರತಿ ಸೆಂಟಿಮೀಟರಿಗೆ ಒಂದು ಬ್ಲಾಕ್, ಬಣ್ಣ ಬೇರೆ ಕಂಡ ಕಡೆಯಿಂದ ಬೇರೆ ಬ್ಲಾಕ್. ಗಡ್ಡೆಯಿಂದ ದೂರದ ಕಿಡ್ನಿಯಿಂದಲೂ ಒಂದು.

ಒಂದು ಬ್ಲಾಕಿನಲ್ಲಿ ಗಡ್ಡೆ ಮತ್ತು ಪಕ್ಕದ ಮಾಮೂಲಿ ಕಿಡ್ನಿ ಎರಡೂ ಇರಬೇಕು. ಐಎಚ್‌ಸಿಗೆ ಅದೇ ಬ್ಲಾಕ್. ಅದರ ಕ್ಯಾಸೆಟ್ ನಂಬರಿಗೆ ಒಂದು ಗುರುತು ಹಾಕಿ.

ಹೆಜ್ಜೆ 3: ಎಚ್ ಅಂಡ್ ಇ ನೋಡಿ ಯಾವ ಗುಂಪು ಅಂತ ತೀರ್ಮಾನಿಸಿ

ಎಲ್ಲಾ ಮಾರ್ಕರನ್ನೂ (ಬಣ್ಣ ಬರಿಸಿ ಹುಡುಕುವ ಪ್ರೋಟೀನನ್ನೂ) ಎಲ್ಲಾ ಗಡ್ಡೆಗೂ ಹಾಕಿಸಲು ಆಗುವುದಿಲ್ಲ, ಹಾಕಿಸಲೂಬಾರದು. ಎಚ್ ಅಂಡ್ ಇ ಅನ್ನುವ ಮಾಮೂಲಿ ನೀಲಿ-ಗುಲಾಬಿ ಬಣ್ಣದ ಸ್ಲೈಡೇ ದಾರಿ ತೋರಿಸುತ್ತದೆ. ನನ್ನ ಲೆಕ್ಕದಲ್ಲಿ ನಾಲ್ಕು ಗುಂಪು: ಕೋಶ ತಿಳಿಯಾಗಿ ಕಾಣುವವು, ಬೆರಳಿನಂತೆ ಚಾಚಿಕೊಂಡ ಪ್ಯಾಪಿಲ್ಲರಿ, ಗುಲಾಬಿ ಬಣ್ಣದವು, ಕೊಬ್ಬು-ಸ್ನಾಯು-ರಕ್ತನಾಳ ಬೆರೆತವು.

ಒಂದೇ ಗಡ್ಡೆಯಲ್ಲಿ ಪ್ಯಾಪಿಲ್ಲರಿ, ಕೊಳವೆ, ನೀರುಗುಳ್ಳೆ, ಜರಡಿಯಂಥ ತೂತು ಎಲ್ಲಾ ಕಂಡರೆ ನಿಧಾನಿಸಿ. ಹೈ ಪವರ್‌ಗೆ ಹೋಗಿ ನ್ಯೂಕ್ಲಿಯಸ್ ನೋಡಿ. ಮಧ್ಯದಲ್ಲಿ ದೊಡ್ಡ ಕೆಂಪು ಚುಕ್ಕೆ, ಅಂದರೆ ನ್ಯೂಕ್ಲಿಯೋಲಸ್, ಅದರ ಸುತ್ತ ಖಾಲಿ ಬಿಳಿ ವಲಯ. ಇದು ಎಫ್‌ಎಚ್ ಕೊರತೆಯ ಗಡ್ಡೆಯ ಗುರುತು. ಎಲ್ಲಾ ಕೋಶದಲ್ಲೂ ಇರುವುದಿಲ್ಲ, ಹುಡುಕಬೇಕು.

ಗುಲಾಬಿ ಗಡ್ಡೆಯಲ್ಲಿ ಕೋಶದೊಳಗೆ ಸಣ್ಣ ಗುಳ್ಳೆಗಳು, ಅವುಗಳಲ್ಲಿ ಮಸುಕು ಗುಲಾಬಿ ದ್ರವ ತುಂಬಿದಂತೆ ಕಂಡರೆ, ಅಂಚಿನಲ್ಲಿ ಮಾಮೂಲಿ ಕೊಳವೆಗಳು ಸಿಕ್ಕಿಕೊಂಡಿದ್ದರೆ ಎಸ್‌ಡಿಎಚ್ ಅಂತ ಯೋಚಿಸಿ. ಇದನ್ನು ಆಂಕೋಸೈಟೋಮಾ (ಅಪಾಯವಿಲ್ಲದ ಗಡ್ಡೆ) ಅಂತ ಬರೆದು ಮುಗಿಸಿಬಿಡುವುದು ಸುಲಭ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಐಎಚ್‌ಸಿ ಇಲ್ಲದಿದ್ದರೆ ಇಲ್ಲಿಂದ ಬ್ಲಾಕ್ ಹೊರಗೆ ಹೋಗುತ್ತದೆ. ಎಚ್ ಅಂಡ್ ಇ ಸ್ಲೈಡ್, ವರದಿಯ ಪ್ರತಿ, ವಂಶವೃಕ್ಷದ ಪ್ರತಿ ಜೊತೆಗಿರಲಿ. ಗಡ್ಡೆಯ ಕನಿಷ್ಠ ಒಂದು ಬ್ಲಾಕ್ ನಿಮ್ಮಲ್ಲೇ ಉಳಿಸಿಕೊಳ್ಳಿ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಕಳಿಸಬೇಡಿ, ಮೇಣ ಮೆತ್ತಗಾಗುತ್ತದೆ. ಬಣ್ಣ ಹಾಕದ ಸ್ಲೈಡ್ ಕತ್ತರಿಸಿ ತಿಂಗಳುಗಟ್ಟಲೆ ಇಟ್ಟು ಕಳಿಸುವುದೂ ಬೇಡ, ಪ್ರೋಟೀನಿನ ಶಕ್ತಿ ಕುಂದುತ್ತದೆ.

ಹೆಜ್ಜೆ 4: ಬಣ್ಣ ಹಾಕುವ ಕೆಲಸ

ಇದು ಟೆಕ್ನಿಷಿಯನ್ನರ ಭಾಗ. ಪಿಜಿಗಳೂ ಒಮ್ಮೆಯಾದರೂ ಪೂರ್ತಿ ಕೈಯಾರೆ ಮಾಡಿ ನೋಡಿ.

3ರಿಂದ 4 ಮೈಕ್ರಾನ್ ಸೆಕ್ಷನ್, ಚಾರ್ಜ್ಡ್ ಸ್ಲೈಡ್ ಮೇಲೆ. ಮಲೆನಾಡಿನ ಮಳೆಗಾಲದಲ್ಲಿ ಸೆಕ್ಷನ್ ಅಡಿಯ ನೀರು ಆರುವುದೇ ಇಲ್ಲ. ಸ್ಲೈಡನ್ನು ನೇರವಾಗಿ ನಿಲ್ಲಿಸಿ ನೀರು ಬಸಿದ ಮೇಲೆ 60 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ. ಅವಸರ ಮಾಡಿದರೆ ರಿಟ್ರೀವಲ್‌ನಲ್ಲಿ (ಬಿಸಿ ದ್ರಾವಣದಲ್ಲಿ ಬೇಯಿಸಿ ಪ್ರೋಟೀನನ್ನು ಆಂಟಿಬಾಡಿಗೆ ಸಿಗುವಂತೆ ಮಾಡುವ ಹಂತದಲ್ಲಿ) ಸೆಕ್ಷನ್ ಎದ್ದು ಹೋಗುತ್ತದೆ. ಆಮೇಲೆ ಕ್ಸೈಲೀನ್, ಆಲ್ಕೋಹಾಲ್, ನೀರು.

ಆಂಟಿಜೆನ್ ರಿಟ್ರೀವಲ್‌ನಲ್ಲಿ ನಮ್ಮ ಊರಿನದೇ ಒಂದು ತೊಂದರೆ ಇದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ 1,000 ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 96-97ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲೋ ಮೈಕ್ರೋವೇವ್‌ನಲ್ಲೋ ಕುದಿಸಿದರೆ ಕಿಟ್‌ನ ಕಾಗದದಲ್ಲಿ ಬರೆದ ಹೊತ್ತು ಸಾಲದೆ ಹೋಗಬಹುದು. ಕುದಿಯುವ ನೀರಿನಲ್ಲಿ ದ್ರಾವಣವೂ ಬೇಗ ಬತ್ತುತ್ತದೆ. ಪ್ರೆಷರ್ ಕುಕ್ಕರ್ ಬಳಸಿ. ಟ್ರಿಸ್-ಇಡಿಟಿಎ ಪಿಎಚ್ 9 ಇರಲಿ, ಸಿಟ್ರೇಟ್ ಪಿಎಚ್ 6 ಇರಲಿ, ಆ ಆಂಟಿಬಾಡಿ ಕಂಪನಿ ಹೇಳಿದ್ದನ್ನೇ ಬಳಸಿ, ಪಿಎಚ್ ಮೀಟರಿನಲ್ಲಿ ಅಳೆದು. ತೆಗೆದ ಮೇಲೆ 20 ನಿಮಿಷ ದ್ರಾವಣದಲ್ಲೇ ತಣಿಯಲಿ.

ಬಫರಿನಲ್ಲಿ ತೊಳೆದು, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ. ಬಳಿಕ ಪ್ರೈಮರಿ ಆಂಟಿಬಾಡಿ, ತೇವದ ಡಬ್ಬಿಯಲ್ಲಿ, ಹೆಚ್ಚಿನವಕ್ಕೆ 30ರಿಂದ 60 ನಿಮಿಷ. ಸ್ಲೈಡ್ ಒಂದು ಕ್ಷಣವೂ ಒಣಗಬಾರದು. ಅಂಚು ಒಣಗಿದರೆ ಅಲ್ಲೆಲ್ಲಾ ಸುಳ್ಳು ಕಂದು.

ಎರಡನೇ ಪದರಕ್ಕೆ ಪಾಲಿಮರ್ ಕಿಟ್ಟೇ ಬೇಕು. ಹಳೆಯ ಅವಿಡಿನ್-ಬಯೋಟಿನ್ ಕಿಟ್ ಅಗ್ಗಕ್ಕೆ ಸಿಕ್ಕಿತು ಅಂತ ಕಿಡ್ನಿಗೆ ಬಳಸಬೇಡಿ. ಕಿಡ್ನಿಯ ಕೊಳವೆಗಳಲ್ಲಿ ಸ್ವಂತ ಬಯೋಟಿನ್ ಧಾರಾಳವಾಗಿದೆ. ಕಿಟ್ ಅದಕ್ಕೇ ಅಂಟಿಕೊಂಡು ಕೋಶದೊಳಗೆ ಹರಳು ಹರಳಾಗಿ ಕಂದು ಬರಿಸುತ್ತದೆ. ಎಸ್‌ಡಿಎಚ್‌ಬಿ (ಎಸ್‌ಡಿಎಚ್‌ನ ಬಿ ಪ್ರೋಟೀನ್), ಎಫ್‌ಎಚ್ ಎರಡರದೂ ಅದೇ ಹರಳಿನ ನಮೂನೆ. ಪ್ರೋಟೀನ್ ಇಲ್ಲದ ಗಡ್ಡೆ ಇರುವಂತೆ ಕಾಣುತ್ತದೆ, ರೋಗ ಕೈತಪ್ಪುತ್ತದೆ.

ಕೊನೆಗೆ ಕಂದು ಬಣ್ಣ ಬರಿಸುವ ಡ್ಯಾಬ್ ಐದು ನಿಮಿಷ, ನ್ಯೂಕ್ಲಿಯಸ್‌ಗೆ ನೀಲಿ ಕೊಡುವ ಹೆಮಟಾಕ್ಸಿಲಿನ್ ಅರ್ಧ ನಿಮಿಷ, ನೀಲಿ ಬರಿಸಲು ನಲ್ಲಿ ನೀರು. ನೀರು ಕ್ಷಾರ ಇಲ್ಲದ ಮೆದು ನೀರಾಗಿದ್ದರೆ ನೀಲಿ ಸರಿಯಾಗಿ ಬರುವುದಿಲ್ಲ. ಸ್ಕಾಟ್ಸ್ ದ್ರಾವಣ ಮಾಡಿಟ್ಟುಕೊಳ್ಳಿ. ಹೆಮಟಾಕ್ಸಿಲಿನ್ ಜಾಸ್ತಿ ಆದರೆ ನ್ಯೂಕ್ಲಿಯಸ್‌ನಲ್ಲಿ ಬರುವ ತೆಳು ಕಂದು ಮುಚ್ಚಿಹೋಗುತ್ತದೆ. ಡ್ಯಾಬ್ ಕ್ಯಾನ್ಸರ್‌ಕಾರಕ ಅನ್ನುವ ಅನುಮಾನ ಇರುವ ರಾಸಾಯನಿಕ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಸಿಂಕಿಗೆ ಸುರಿಯಬೇಡಿ.

ಆಂಟಿಬಾಡಿ ಇರುವ ಫ್ರಿಜ್ 2ರಿಂದ 8 ಡಿಗ್ರಿಯಲ್ಲಿರಬೇಕು. ಜೂನ್-ಜುಲೈನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರು ನಮ್ಮದು. ಫ್ರಿಜ್ಜಿಗೆ ಯುಪಿಎಸ್ ಅಥವಾ ಜನರೇಟರ್ ಲೈನ್ ಕೊಡಿ, ಒಳಗೆ ಥರ್ಮಾಮೀಟರ್ ಇಡಿ. ಮೈಕ್ರೋಸ್ಕೋಪ್ ಲೆನ್ಸಿಗೂ ಇದೇ ಕಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ.

ಹೆಜ್ಜೆ 5: ಮೊದಲು ಕಂಟ್ರೋಲ್ ಓದಿ, ಆಮೇಲೆ ಗಡ್ಡೆ

ಎಫ್‌ಎಚ್ ಸ್ಲೈಡ್ ಇಟ್ಟಿದ್ದೀರಿ ಅಂದುಕೊಳ್ಳಿ. ಕಂಟ್ರೋಲ್ ಅಂದರೆ ನಮ್ಮ ಕೆಲಸ ಸರಿಯಾಗಿದೆಯಾ ಅಂತ ತೋರಿಸುವ ಮಾಮೂಲಿ ಕೋಶ. ಗಡ್ಡೆಯ ಕಡೆ ಹೋಗಬೇಡಿ. ಮೊದಲು ಪಕ್ಕದ ಮಾಮೂಲಿ ಕೊಳವೆ. ಅಲ್ಲಿ ಕೋಶದ ತುಂಬಾ ನುಣ್ಣಗೆ ಬೀಸಿದ ಕಾಫಿಪುಡಿ ಉದುರಿಸಿದ ಹಾಗೆ ಕಂದು ಹರಳು ಕಾಣಬೇಕು, ಯಾಕೆಂದರೆ ಈ ಪ್ರೋಟೀನ್ ಹೆಚ್ಚಾಗಿ ಇರುವುದು ಮೈಟೋಕಾಂಡ್ರಿಯಾದಲ್ಲಿ. ಕಂಡಿತಾ? ಈಗ ಗಡ್ಡೆಯೊಳಗೆ ಹೋಗಿ, ಆದರೆ ಗಡ್ಡೆಯ ಕೋಶ ಬಿಟ್ಟು ನಡುವಿನ ಸಣ್ಣ ರಕ್ತನಾಳಗಳನ್ನು ನೋಡಿ. ಅವುಗಳ ಗೋಡೆಯ ತೆಳು ಎಂಡೋಥೀಲಿಯಲ್ ಕೋಶಗಳಲ್ಲಿ, ಅಲ್ಲಲ್ಲಿ ಇರುವ ಲಿಂಫೋಸೈಟುಗಳಲ್ಲಿ ಕಂದು ಇರಬೇಕು. ಅದೂ ಇದೆ ಅಂದ ಮೇಲೆ ಗಡ್ಡೆಯ ಕೋಶ ನೋಡಿ. ರಕ್ತನಾಳ ಕಂದು, ಅದಕ್ಕೆ ಅಂಟಿಕೊಂಡ ಗಡ್ಡೆಯ ಕೋಶ ಬರೀ ನೀಲಿ. ಎಲ್ಲಾ ಕಡೆ ಹೀಗೇ ಇದ್ದರೆ ಅದು ನಿಜವಾದ ನಷ್ಟ.

ರಕ್ತನಾಳವೂ ನೀಲಿ, ಗಡ್ಡೆಯೂ ನೀಲಿ ಆದರೆ ಆ ಸ್ಲೈಡ್ ಏನೂ ಹೇಳುತ್ತಿಲ್ಲ. ‘ನೆಗೆಟಿವ್’ ಅಂತ ಬರೆಯಬೇಡಿ. ಬೇರೆ ಬ್ಲಾಕಿನಿಂದ ಮತ್ತೆ ಮಾಡಿ. ಗಡ್ಡೆಯಲ್ಲಿ ತೆಳು ಕಂದು ಇದ್ದು ಅನುಮಾನ ಬಂದರೆ ನಷ್ಟ ಅಂತ ಕರೆಯುವ ಅವಸರ ಬೇಡ. ಕ್ಲಿಯರ್ ಸೆಲ್ ಗಡ್ಡೆಯಲ್ಲಿ ಕೋಶದೊಳಗೆ ಮೈಟೋಕಾಂಡ್ರಿಯಾವೇ ಕಡಿಮೆ, ಅದಕ್ಕೆ ಎಸ್‌ಡಿಎಚ್‌ಬಿ ಸಹಜವಾಗಿಯೇ ಮಂಕು. ಅದನ್ನು ನಷ್ಟ ಅಂತ ಓದುವ ತಪ್ಪು ಸುಲಭವಾಗಿ ಆಗುತ್ತದೆ.

ಇನ್ನೊಂದು ಮೋಸ: ಪ್ಯಾಪಿಲ್ಲರಿ ಗಡ್ಡೆಯೊಳಗೆ ರಕ್ತ ಸೋರಿ ಹೀಮೋಸಿಡರಿನ್ ಸೇರಿಕೊಂಡಿರುತ್ತದೆ. ಅದೂ ಕಂದೇ. ಆದರೆ ಅದರ ಹರಳು ದಪ್ಪ, ಚಿನ್ನದ ಬಣ್ಣ, ಕಂಡೆನ್ಸರ್ ಇಳಿಸಿದರೆ ಮಿನುಗುತ್ತದೆ. ಪ್ರೈಮರಿ ಹಾಕದ ನೆಗೆಟಿವ್ ಕಂಟ್ರೋಲ್ ಸ್ಲೈಡಿನ ಅದೇ ಜಾಗ ನೋಡಿದರೆ ಗೊತ್ತಾಗಿಬಿಡುತ್ತದೆ.

ಹೆಜ್ಜೆ 6: ಗುಂಪಿಗೆ ತಕ್ಕ ಮಾರ್ಕರ್

ತಿಳಿ ಕೋಶದ ಗಡ್ಡೆಗೆ ಸಿಎ9 ಮತ್ತು ಸಿಕೆ7. ವಿಎಚ್‌ಎಲ್ ಪ್ರೋಟೀನ್ ಕೆಟ್ಟಾಗ ಎಚ್‌ಐಎಫ್ ಎಂಬ ಪ್ರೋಟೀನ್ ಕೋಶದಲ್ಲಿ ಶೇಖರಣೆ ಆಗುತ್ತದೆ, ಅದು ಸಿಎ9 ಅನ್ನು ಏರಿಸುತ್ತದೆ. ಹಾಗಾಗಿ ಕೋಶದ ನಾಲ್ಕೂ ಕಡೆ ಪೆಟ್ಟಿಗೆಯಂತೆ ಕಂದು ಗೆರೆ ಬರುತ್ತದೆ, ಸಿಕೆ7 ಸಾಮಾನ್ಯವಾಗಿ ಬರುವುದಿಲ್ಲ. ಸಿಕೆ7 ಜೋರಾಗಿ ಬಂದು, ಸಿಎ9 ಮೇಲಂಚು ಬಿಟ್ಟು ಬಟ್ಟಲಿನಂತೆ ಬಂದರೆ ಅದು ಕ್ಲಿಯರ್ ಸೆಲ್ ಪ್ಯಾಪಿಲ್ಲರಿ ಗಡ್ಡೆ. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಅದರ ಹೆಸರಿನಿಂದ ‘ಕಾರ್ಸಿನೋಮಾ’ ತೆಗೆದುಹಾಕಿದೆ. ವಿಎಚ್‌ಎಲ್ ರೋಗಿಗಳ ಕಿಡ್ನಿಯಲ್ಲಿ ಹಾಗೆ ಕಾಣುವ ಗಡ್ಡೆಗಳಿರುತ್ತವೆ, ಆದರೆ ಅವು ಬಹುಪಾಲು ಕ್ಲಿಯರ್ ಸೆಲ್ ಕಾರ್ಸಿನೋಮಾಗಳೇ. ಒಂದು ಗಡ್ಡೆ ಹಾಗಿದೆ ಅಂತ ಸಮಾಧಾನ ಪಡಬೇಡಿ.

ಇಲ್ಲೊಂದು ಮಿತಿ ನೆನಪಿರಲಿ. ವಂಶದಿಂದ ಬಾರದ ಕ್ಲಿಯರ್ ಸೆಲ್ ಗಡ್ಡೆಯಲ್ಲೂ ವಿಎಚ್‌ಎಲ್ ಜೀನ್ ಕೆಟ್ಟಿರುತ್ತದೆ. ಆದ್ದರಿಂದ ಸಿಎ9 ಗಡ್ಡೆಯ ಜಾತಿ ಹೇಳುತ್ತದೆ, ವಂಶದ್ದು ಹೌದೋ ಅಲ್ಲವೋ ಹೇಳುವುದಿಲ್ಲ. ಆ ಸುಳಿವು ಬರುವುದು ವಯಸ್ಸಿನಿಂದ, ಗಡ್ಡೆಗಳ ಎಣಿಕೆಯಿಂದ, ಉಳಿದ ಕಿಡ್ನಿಯಲ್ಲಿ ತಿಳಿ ಕೋಶ ಹೊದ್ದ ನೀರುಗುಳ್ಳೆಗಳಿಂದ.

ಪ್ಯಾಪಿಲ್ಲರಿ ಗಡ್ಡೆಗೆ ಸಿಕೆ7, ಎಎಮ್‌ಎಸಿಆರ್, ಎಫ್‌ಎಚ್. ಮೊದಲ ಎರಡೂ ಜೋರಾಗಿ ಬಂದು, ಕೋಶ ಸಣ್ಣದಾಗಿ, ಎರಡೂ ಕಿಡ್ನಿಯಲ್ಲಿ ಹತ್ತಾರು ಗಡ್ಡೆ ಇದ್ದರೆ ಮೆಟ್ ಜೀನ್. ಸಿಕೆ7 ಇಲ್ಲದ, ದೊಡ್ಡ ನ್ಯೂಕ್ಲಿಯೋಲಸ್‌ನ ಪ್ಯಾಪಿಲ್ಲರಿ ಗಡ್ಡೆ ಸಿಕ್ಕಿದರೆ ಎಫ್‌ಎಚ್ ಹಾಕದೆ ವರದಿ ಕೊಡಲೇಬೇಡಿ. ಎಫ್‌ಎಚ್ ಬಣ್ಣ ಬಂದಿದೆ ಅಂತ ಪೂರ್ತಿ ನಂಬುವಂತೆಯೂ ಇಲ್ಲ. ಕೆಲವು ದೋಷಗಳಲ್ಲಿ ಪ್ರೋಟೀನ್ ತಯಾರಾಗುತ್ತದೆ, ಕೆಲಸ ಮಾಡುವುದಿಲ್ಲ. ಅಂಥಲ್ಲಿ 2ಎಸ್‌ಸಿ ಎಂಬ ಮಾರ್ಕರ್ ಕೈಹಿಡಿಯುತ್ತದೆ. ಕೆಲಸ ಮಾಡದ ಎಫ್‌ಎಚ್‌ನಿಂದ ಫ್ಯೂಮರೇಟ್ ಶೇಖರಣೆಯಾಗಿ ಬೇರೆ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. 2ಎಸ್‌ಸಿ ಆ ಅಂಟನ್ನು ಗುರುತಿಸುತ್ತದೆ. ನ್ಯೂಕ್ಲಿಯಸ್ ಮತ್ತು ಸೈಟೋಪ್ಲಾಸಂ ಎರಡರಲ್ಲೂ ಜೋರಾದ ಕಂದು ಬಂದರೆ ಮಾತ್ರ ಪಾಸಿಟಿವ್. ಈ ಆಂಟಿಬಾಡಿ ಎಲ್ಲಾ ಲ್ಯಾಬಿನಲ್ಲೂ ಇರುವುದಿಲ್ಲ. ಸಿಗದಿದ್ದರೆ, ಎಚ್ ಅಂಡ್ ಇ ಅನುಮಾನ ಬಲವಾಗಿದ್ದರೆ, ಎಫ್‌ಎಚ್ ಬಣ್ಣ ಉಳಿದಿದ್ದರೂ ಜೀನ್ ಪರೀಕ್ಷೆಗೆ ಕಳಿಸಿ. ಚಿಕ್ಕ ವಯಸ್ಸಿನವರಲ್ಲಿ ಟಿಎಫ್‌ಇ3 ಗಡ್ಡೆಯೂ ಹೀಗೇ ಕಾಣಬಹುದು, ಅದರ ಬಣ್ಣವನ್ನೂ ಹಾಕಿಸಿ. ಅದು ವಂಶದ ಕಾಯಿಲೆ ಅಲ್ಲ.

ಗುಲಾಬಿ ಗಡ್ಡೆಗಳೇ ನಿಜವಾದ ಪರೀಕ್ಷೆ. ಮೊದಲು ಸಿಡಿ117, ಸಿಕೆ7. ಸಿಡಿ117 ಬಂದು ಸಿಕೆ7 ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ಇದ್ದರೆ ಆಂಕೋಸೈಟೋಮಾ. ಎರಡೂ ಜೋರಾಗಿ ಬಂದರೆ ಕ್ರೋಮೋಫೋಬ್ ಕ್ಯಾನ್ಸರ್. ಇವೆರಡರ ಬೆರಕೆಯಂತೆ, ಗುಲಾಬಿ ಕೋಶಗಳ ನಡುವೆ ತಿಳಿ ಕೋಶಗಳು ಚದುರಿ, ಹಲವು ಗಡ್ಡೆ ಇದ್ದರೆ ಬರ್ಟ್-ಹಾಗ್-ಡ್ಯುಬೆ. ಅದರ ಎಫ್‌ಎಲ್‌ಸಿಎನ್ ಪ್ರೋಟೀನಿಗೆ ನೆಚ್ಚಬಹುದಾದ ಬಣ್ಣ ನಮ್ಮ ಕೈಯಲ್ಲಿಲ್ಲ, ಚರ್ಮ ಮತ್ತು ಎದೆಯ ಸಿಟಿ ನೋಡಬೇಕು.

ಸಿಡಿ117 ಗಡ್ಡೆಯಲ್ಲಿ ಬಾರದೆ, ನಡುವಿನ ಮಾಸ್ಟ್ ಕೋಶಗಳಲ್ಲಿ ಬಂದಿದ್ದರೆ ದಾರಿ ಬೇರೆ. ಸಿಕೆ7 ಕೂಡ ಇಲ್ಲವಾದರೆ ಎಸ್‌ಡಿಎಚ್‌ಬಿ ಹಾಕಿ. ಎಸ್‌ಡಿಎಚ್‌ನ ಎ, ಬಿ, ಸಿ, ಡಿ ಯಾವ ಜೀನ್ ಕೆಟ್ಟರೂ ಇಡೀ ಜೋಡಣೆ ಬಿದ್ದುಹೋಗಿ ಬಿ ಪ್ರೋಟೀನೇ ಮಾಯವಾಗುತ್ತದೆ. ಒಂದೇ ಆಂಟಿಬಾಡಿಯಲ್ಲಿ ನಾಲ್ಕೂ ಜೀನಿನ ಸುಳಿವು ಸಿಗುವುದು ಇದರ ದೊಡ್ಡ ಲಾಭ. ಎಸ್‌ಡಿಎಚ್‌ಬಿ ಇದ್ದು ನೋಟ ಮಾತ್ರ ಹಾಗೇ ಇದ್ದರೆ ಎಫ್‌ಎಚ್ ಹಾಕಿ. ಕೆಲವು ಎಫ್‌ಎಚ್ ಗಡ್ಡೆಗಳು ಸೌಮ್ಯವಾಗಿ, ಎಸ್‌ಡಿಎಚ್ ವೇಷದಲ್ಲೇ ಬರುತ್ತವೆ. ಸಿಕೆ20 ಬಂದು, ಗಟ್ಟಿ ಮತ್ತು ನೀರುಗುಳ್ಳೆ ಭಾಗಗಳೆರಡೂ ಇದ್ದರೆ ಇಎಸ್‌ಸಿ (ಇಯೋಸಿನೋಫಿಲಿಕ್ ಸಾಲಿಡ್ ಅಂಡ್ ಸಿಸ್ಟಿಕ್) ಗಡ್ಡೆ. ಅದು ಟಿಎಸ್‌ಸಿ, ಅಂದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಜೀನಿನ ಸಂಬಂಧದ್ದು, ಹೆಚ್ಚಿನವು ವಂಶದ್ದಲ್ಲ, ಆದರೂ ಚರ್ಮ ನೋಡಿ. ಸಿಡಿ117 ಇಲ್ಲದೆ ಸಿಕೆ7 ಪೂರ್ತಿ ಬಂದರೆ ಕೆಳದರ್ಜೆಯ ಆಂಕೋಸೈಟಿಕ್ ಗಡ್ಡೆ. 46 ದಾಟದ ಯಾರದೇ ಗುಲಾಬಿ ಗಡ್ಡೆ ಇರಲಿ, ಎಸ್‌ಡಿಎಚ್‌ಬಿ ಮತ್ತು ಎಫ್‌ಎಚ್ ಎರಡನ್ನೂ ಹಾಕಿಸಿ ಅನ್ನುವುದು ನನ್ನ ಸಲಹೆ. ಈ ಎರಡು ಸ್ಲೈಡ್ ಉಳಿಸಿ ನಾವು ಏನೂ ಗಳಿಸುವುದಿಲ್ಲ.

ಕೊಬ್ಬು-ಸ್ನಾಯು ಬೆರೆತ ಆಂಜಿಯೋಮಯೋಲಿಪೋಮಾ ಸುಲಭ. ಎಚ್‌ಎಂಬಿ45, ಮೆಲಾನ್-ಎ, ಕ್ಯಾಥೆಪ್ಸಿನ್-ಕೆ ಬರುತ್ತವೆ, ಪ್ಯಾಕ್ಸ್8 ಬರುವುದಿಲ್ಲ. ಎರಡೂ ಕಿಡ್ನಿಯಲ್ಲಿ ಹಲವು ಇದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್‌ಗೆ ಹುಡುಕಿ.

ಹೆಜ್ಜೆ 7: ಬಣ್ಣಕ್ಕೆ ಎಷ್ಟು ತೂಕ ಕೊಡಬೇಕು

ಎಲ್ಲಾ ನಷ್ಟವೂ ಸಮವಲ್ಲ. ಎಸ್‌ಡಿಎಚ್‌ಬಿ ಹೋಗಿದೆ ಅಂದರೆ ಹೆಚ್ಚೂಕಡಿಮೆ ಯಾವಾಗಲೂ ವಂಶದ್ದೇ. ಎಫ್‌ಎಚ್ ಹೋಗಿದೆ ಅಂದರೆ ಬಹುತೇಕ ವಂಶದ್ದು, ಆದರೆ ಕೆಲವರಲ್ಲಿ ದೋಷ ಗಡ್ಡೆಯಲ್ಲಿ ಮಾತ್ರ. ಬ್ಯಾಪ್1 ಎಂಬ ಪ್ರೋಟೀನ್ ನ್ಯೂಕ್ಲಿಯಸ್‌ನಿಂದ ಹೋಗಿದೆ ಅಂದರೆ ಬಹುಪಾಲು ವಂಶದ್ದಲ್ಲ. ಮನೆಯಲ್ಲಿ ಕಣ್ಣಿನ ಮೆಲನೋಮಾ, ಮೀಸೋಥೀಲಿಯೋಮಾ (ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್) ಇದ್ದರೆ ಮಾತ್ರ ಅನುಮಾನ ಏರುತ್ತದೆ. ಸಿಎ9 ಬಗ್ಗೆ ಹೇಳಿಯಾಯಿತು. ಫೈಬ್ರಾಯ್ಡ್‌ನಲ್ಲಿ ಎಫ್‌ಎಚ್ ನಷ್ಟ ಕಂಡರೂ ಅದೊಂದೇ ಸಾಕ್ಷಿ ಸಾಲದು, ವಂಶದ್ದಲ್ಲದ ಫೈಬ್ರಾಯ್ಡ್‌ನಲ್ಲೂ ಅದು ಆಗುತ್ತದೆ. ಆದರೂ ಅಕ್ಕನ ಗರ್ಭಕೋಶದ ಬ್ಲಾಕ್ ನಿಮ್ಮದೇ ಲ್ಯಾಬಿನ ಕಪಾಟಿನಲ್ಲಿದ್ದರೆ ಹುಡುಕಿ ತೆಗೆಸಿ, ಆಕೆಯ ಒಪ್ಪಿಗೆ ಪಡೆದು ಬಣ್ಣ ಹಾಕಿಸಿ.

ಎಸ್‌ಎಂಎಆರ್‌ಸಿಬಿ1 ಎಂಬ ಪ್ರೋಟೀನ್ ನಷ್ಟದ ಮೆಡುಲ್ಲರಿ ಕಾರ್ಸಿನೋಮಾ ಅಪರೂಪ. ಅದು ಸಿಕಲ್ ಸೆಲ್ ಅಂಶ ಇರುವವರಲ್ಲಿ ಬರುತ್ತದೆ. ನಮ್ಮ ರಾಜ್ಯದ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಇರುವುದರಿಂದ ನೆನಪಿಟ್ಟುಕೊಳ್ಳಿ.

ಹೆಜ್ಜೆ 8: ವರದಿ ಬರೆಯುವುದು, ಫೋನ್ ಮಾಡುವುದು

ವರದಿಯಲ್ಲಿ ಬರೀ ‘ಎಫ್‌ಎಚ್ ನೆಗೆಟಿವ್’ ಅಂದರೆ ಓದಿದವರು ಒಳ್ಳೆಯ ಸುದ್ದಿ ಅಂದುಕೊಳ್ಳುತ್ತಾರೆ. ‘ಗಡ್ಡೆಯ ಕೋಶಗಳಲ್ಲಿ ಎಫ್‌ಎಚ್ ಪೂರ್ತಿ ನಷ್ಟ, ರಕ್ತನಾಳದ ಒಳ ಕಂಟ್ರೋಲ್ ಸರಿಯಾಗಿದೆ, ವಂಶವಾಹಿ ದೋಷದ ಸಾಧ್ಯತೆ ಹೆಚ್ಚು, ರೋಗಿ ಮತ್ತು ಕುಟುಂಬಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಬೇಕು’ ಎಂಬ ಅರ್ಥ ಬರುವಂತೆ ಪೂರ್ತಿ ವಾಕ್ಯ ಬರೆಯಿರಿ. ಬಣ್ಣ ನೋಡಿ ವಂಶದ ಕಾಯಿಲೆ ಎಂದೇ ಬರೆಯಬೇಡಿ, ಅದನ್ನು ಹೇಳುವುದು ರಕ್ತದ ಜೀನ್ ಪರೀಕ್ಷೆ.

ಎಫ್‌ಎಚ್ ಆದರೆ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ವಿಎಚ್‌ಎಲ್, ಮೆಟ್, ಬರ್ಟ್-ಹಾಗ್-ಡ್ಯುಬೆ ಗಡ್ಡೆಗಳನ್ನು 3 ಸೆಂಟಿಮೀಟರ್ ಆಗುವವರೆಗೆ ಸ್ಕ್ಯಾನ್ ಮಾಡುತ್ತಾ ಕಾಯಬಹುದು. ಎಫ್‌ಎಚ್ ಗಡ್ಡೆ ಚಿಕ್ಕದಿದ್ದಾಗಲೇ ಹರಡಬಲ್ಲದು, ಅಲ್ಲಿ ಕಾಯುವ ಮಾತಿಲ್ಲ. ಔಷಧಿಯೂ ಬೇರೆ: ಹರಡಿದ ಎಫ್‌ಎಚ್ ಗಡ್ಡೆಗೆ ಬೆವಾಸಿಜುಮ್ಯಾಬ್ ಮತ್ತು ಎರ್ಲೋಟಿನಿಬ್ ಜೋಡಿ ಕೊಡುತ್ತಾರೆ. ವಿಎಚ್‌ಎಲ್‌ಗೆ 2021ರಲ್ಲಿ ಅಮೆರಿಕದಲ್ಲಿ ಬೆಲ್ಜುಟಿಫಾನ್‌ಗೆ ಒಪ್ಪಿಗೆ ಸಿಕ್ಕಿದೆ.

ಹೆಜ್ಜೆ 9: ರಕ್ತ, ಮನೆಯವರು, ಮದುವೆ

ಇಡಿಟಿಎ ಟ್ಯೂಬಿನಲ್ಲಿ ಸ್ವಲ್ಪ ರಕ್ತ ಸಾಕು, ರೋಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಜೀನಿನ ದೊಡ್ಡ ತುಂಡೇ ಬಿದ್ದುಹೋಗಿದ್ದರೂ ಹಿಡಿಯುವ ಪರೀಕ್ಷೆ ಅದರಲ್ಲಿ ಸೇರಿದೆಯಾ ಅಂತ ಮುಂಚೆಯೇ ಕೇಳಿ. ವಿಎಚ್‌ಎಲ್‌ನಲ್ಲಿ ಅಂಥ ದೋಷ ಅಪರೂಪವಲ್ಲ. ರೋಗಿಯಲ್ಲಿ ದೋಷ ಸಿಕ್ಕ ಮೇಲೆ ಮನೆಯವರಿಗೆ ಆ ಒಂದೇ ದೋಷ ಹುಡುಕಿದರೆ ಆಯಿತು, ಅದು ಅಗ್ಗ. ದೋಷ ಇಲ್ಲದವರು ನಿಶ್ಚಿಂತೆ. ಎಫ್‌ಎಚ್ ದೋಷ ಇದ್ದವರಿಗೆ ಮಕ್ಕಳಾಗಿದ್ದಾಗಲೇ, 8ರಿಂದ 10ನೇ ವಯಸ್ಸಿನಲ್ಲೇ ವರ್ಷಕ್ಕೊಮ್ಮೆ ಎಂಆರ್‌ಐ ಶುರು ಮಾಡುವ ಸಲಹೆ ಇದೆ.

ಈಗ ಆ ಜೋಡಿ ಗೆರೆ. ಎಫ್‌ಎಚ್ ದೋಷ ಇರುವ ಮನೆಯಲ್ಲಿ ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆಯಾಗಿ, ಇಬ್ಬರಲ್ಲೂ ದೋಷ ಇದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕಡೆಯಿಂದ ಅದು ಬರುತ್ತದೆ. ಆ ಮಗುವಿಗೆ ಬರುವುದು ಕ್ಯಾನ್ಸರ್ ಅಲ್ಲ, ಫ್ಯೂಮರೇಸ್ ಕೊರತೆ ಎಂಬ ಮೆದುಳಿನ ಬೆಳವಣಿಗೆಯನ್ನೇ ಕೆಡಿಸುವ ತೀವ್ರ ಕಾಯಿಲೆ. ಮನೆಯಲ್ಲಿ ಹೀಗೆ ಒಂದು ಮಗು ತೀರಿಕೊಂಡಿದೆಯಾ ಅಂತ ಮೆಲ್ಲಗೆ ಕೇಳಿ. ಹುಡುಗಿಯ ಮದುವೆ ಮಾತು ನಡೆಯುತ್ತಿದ್ದರೆ ಈ ವಿಷಯ ಗುಟ್ಟಾಗಿಯೇ ಇರಬೇಕು. ವರದಿ ರೋಗಿಯ ಕೈಗೆ ಮಾತ್ರ. ಕಾರಿಡಾರಿನಲ್ಲಿ ನಿಂತ ದೊಡ್ಡಪ್ಪನ ಕೈಗಲ್ಲ.

ರಕ್ತದ ವರದಿಯಲ್ಲಿ ‘ಅರ್ಥ ಸ್ಪಷ್ಟವಾಗದ ಬದಲಾವಣೆ’ ಅಂತ ಬಂದರೆ ನಿಮ್ಮ ಸ್ಲೈಡ್‌ಗೆ ಮತ್ತೆ ಬೆಲೆ ಬರುತ್ತದೆ. ಗಡ್ಡೆಯಲ್ಲಿ ಎಫ್‌ಎಚ್ ನಷ್ಟ ಖಚಿತ ಅನ್ನುವ ವರದಿಯನ್ನು, ಸ್ಲೈಡಿನ ಫೋಟೋ ಸಮೇತ ಜೀನ್ ಲ್ಯಾಬಿಗೆ ಕಳಿಸಿ. ಆ ಬದಲಾವಣೆ ದೋಷವೇ ಅಂತ ತೀರ್ಮಾನಿಸಲು ಅದು ನೆರವಾಗುತ್ತದೆ. ರಕ್ತದಲ್ಲಿ ಏನೂ ಸಿಗದೆ ಗಡ್ಡೆಯಲ್ಲಿ ನಷ್ಟ ಸ್ಪಷ್ಟವಾಗಿದ್ದರೆ, ಉಳಿಸಿಕೊಂಡ ಆ ಒಂದು ಬ್ಲಾಕ್ ತೆಗೆದು ಗಡ್ಡೆಯ ಡಿಎನ್‌ಎ ಪರೀಕ್ಷೆ ಮಾಡಿಸಿ. ಎರಡೂ ಪೆಟ್ಟು, ಅಂದರೆ ಜೀನಿನ ಎರಡೂ ಪ್ರತಿ ಕೆಟ್ಟದ್ದು, ಗಡ್ಡೆಯಲ್ಲೇ ಸಿಕ್ಕಿ ರಕ್ತದಲ್ಲಿ ಇಲ್ಲವೆಂದಾದರೆ, ಕಾಯಿಲೆ ಆ ರೋಗಿಯಲ್ಲೇ ಹುಟ್ಟಿದ್ದು ಅಂತ ಹೇಳಬಹುದು. ಆಗ ಅಕ್ಕ ತಂಗಿಯರು, ಮಕ್ಕಳು ವರ್ಷ ವರ್ಷ ಸ್ಕ್ಯಾನಿಗೆ ಓಡಾಡಬೇಕಿಲ್ಲ.